ಪಿಂಕ್ ಫ್ಲಾಯ್ಡ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಬಗೆ

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡಿನ 1973ರ ಆಲ್ಬಂ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಮೊಬೈಲಿನಲ್ಲೇ ಸಿಗುತ್ತದೆ, ನಿಜ. ಆದರೆ ಬೇಕಾದ ಹಾಡಿಗೆ ಹಾರಿ ಕೇಳುವ ಆಲ್ಬಂ ಅದಲ್ಲ. ಒಂದು ಹಾಡಿನ ಬಾಲ ಹಿಡಿದೇ ಮುಂದಿನದು ಬರುತ್ತದೆ. ಕಾಲೇಜು ಕಾಲದಲ್ಲಿ ಕೇಳಿದ್ದು ಇಂದಿಗೂ ಹಳಸದಿರುವುದು ಈ ಹೆಣಿಗೆಯಿಂದಲೇ ಎಂಬುದು ನನ್ನ ಲೆಕ್ಕ. ಹಾಗಾಗಿ ಹಾಡು ಹಾಡಾಗಿ ಅಲ್ಲ, ಸೈಡ್ ಸೈಡಾಗಿ ಇಳಿಸಿಕೊಂಡೆ.

ನಮ್ಮ ತುಮಕೂರಿನಲ್ಲಿ ಕ್ಯಾಸೆಟ್ ಕೆಡುವುದು ಹೆಚ್ಚಾಗಿ ಧೂಳಿಗೆ, ಬೇಸಿಗೆಯ ಕಾವಿಗೆ. ಶೀಟಿನ ಕೆಳಗೆ ಅಟ್ಟದಲ್ಲಿ ಇಟ್ಟಿದ್ದರೆ, ಟೇಪನ್ನು ಹೆಡ್ಡಿಗೆ (ಪ್ಲೇಯರಿನಲ್ಲಿ ಟೇಪನ್ನು ಓದುವ ಭಾಗ) ಒತ್ತಿ ಹಿಡಿಯುವ ಪುಟ್ಟ ಮೆತ್ತೆಯ ಗೋಂದು ಬಿಟ್ಟಿರುತ್ತದೆ. ಆಗ ದನಿ ಮಂಕಾಗಿ, ಬಂದು ಬಂದು ಹೋಗುತ್ತದೆ. ಬೇಡವಾದ ಕ್ಯಾಸೆಟ್ಟಿನ ಮೆತ್ತೆಯನ್ನು ಸ್ಪ್ರಿಂಗ್ ಸಮೇತ ತೆಗೆದು ಹಾಕಿಕೊಂಡೆ. ಕ್ಯಾಸೆಟ್ ನುಡಿಸುವ ಮೊದಲು ಟೇಪನ್ನು ಎರಡೂ ಕಡೆಗೆ ಒಮ್ಮೆ ಪೂರ್ತಿ ಸುತ್ತಿಸಬೇಕು, ಇಲ್ಲವಾದರೆ ಅಂಟಿಕೊಂಡ ಸುತ್ತು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ.

ಡೆಕ್ಕಿನ, ಅಂದರೆ ಕ್ಯಾಸೆಟ್ ಪ್ಲೇಯರಿನ, ರಬ್ಬರ್ ಬೆಲ್ಟ್ ಡಾಂಬರಿನಂತೆ ಕರಗಿದ್ದರೆ ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಹೆಡ್ಡಿಗೂ ಅದೇ. ಹೊಸ ಬೆಲ್ಟ್ ಹಳೆಯ ಅಳತೆಗಿಂತ ನೂರಕ್ಕೆ ಐದರಷ್ಟು ಚಿಕ್ಕದಿರಲಿ, ಹಳೆಯದು ಹಿಗ್ಗಿರುತ್ತದೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಬಹುದು.

ಮುಖ್ಯ ಕೆಲಸ ಹೆಡ್ಡಿನ ಓರೆ ಸರಿಪಡಿಸುವುದು. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಇರುತ್ತದೆ. ಅದು ಈಗಿರುವ ಜಾಗವನ್ನು ಗುರುತು ಮಾಡಿಕೊಂಡು ‘ಮನಿ’ ಹಾಡಿನ ಆರಂಭ ಹಾಕಿದೆ. ನಾಣ್ಯದ ಝಣ, ಕಾಗದ ಹರಿಯುವ ಸದ್ದು, ಗಲ್ಲಾ ಯಂತ್ರದ ಟಣ್: ಏಳು ಸದ್ದಿನ ಟೇಪ್ ತುಂಡುಗಳನ್ನು ಸ್ಕೇಲಿನಿಂದ ಅಳೆದು ಅಂಟಿಸಿ ಮಾಡಿದ ಸುತ್ತು ಅದು. ತಕಿಟ ತಕಧಿಮಿ ಎಂದು ಏಳು ಎಣಿಸಿದರೆ ಸರಿಯಾಗಿ ಕೂರುತ್ತದೆ; ಗಿಟಾರ್ ಸೋಲೊದಲ್ಲಿ ಮಾತ್ರ ನಾಲ್ಕಕ್ಕೆ ಹೊರಳುತ್ತದೆ. (ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಇದು ಬೇಗ ಒಗ್ಗುತ್ತದೆ.) ಇರಲಿ. ಮೋನೊದಲ್ಲಿ, ಅಂದರೆ ಎಡ ಬಲ ಎರಡೂ ದನಿಗಳನ್ನು ಒಂದಾಗಿಸಿ, ಕೇಳುತ್ತ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ, ನಾಣ್ಯದ ಝಣ ಅತಿ ಚುರುಕಾದ ಜಾಗದಲ್ಲಿ ನಿಲ್ಲಿಸಬೇಕು.

ಟೇಪ್ ಓಡುವ ವೇಗ ನೋಡಲು ಗಡಿಯಾರ ಸಾಕು. ಎರಡನೆಯ ಸೈಡ್ ಸುಮಾರು 23 ನಿಮಿಷ 35 ಸೆಕೆಂಡು. 14 ಸೆಕೆಂಡು ವ್ಯತ್ಯಾಸ ಬಂದರೆ ವೇಗ ನೂರಕ್ಕೆ ಒಂದರಷ್ಟು ತಪ್ಪಿದೆ. ಹಲವು ಮೋಟರುಗಳ ಹಿಂದಿನ ತೂತಿನೊಳಗೆ ಸರಿಪಡಿಸುವ ಸ್ಕ್ರೂ ಇರುತ್ತದೆ.

ಲ್ಯಾಪ್‌ಟಾಪಿನ ಮೈಕ್ ತೂತು ಸಾಮಾನ್ಯವಾಗಿ ಮೋನೊ, ಮೇಲಾಗಿ ದನಿ ಒಡೆಯುತ್ತದೆ. ಲೈನ್-ಇನ್ (ಡೆಕ್ಕಿನಂಥ ಸಾಧನದ ದನಿ ನೇರ ತೆಗೆದುಕೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ರೆಕಾರ್ಡಿಂಗ್ ಸೆಟಿಂಗ್ 24 ಬಿಟ್, 44.1 ಕಿಲೋಹರ್ಟ್ಸ್ ಇರಲಿ, ಗಟ್ಟಿ ಭಾಗ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸೈಡೊಂದಕ್ಕೆ 380 ಎಂಬಿವರೆಗೆ ಆಗುತ್ತದೆ, ದನಿ ಕೆಡದೆ ಕಿರಿದಾಗುವ ಫ್ಲ್ಯಾಕ್ ಫೈಲ್ ಮಾಡಿದರೆ ಇಳಿಯುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಮುಟ್ಟಬೇಡಿ: ಆಲ್ಬಂ ಶುರುವಾಗುವ ಎದೆಬಡಿತ ನಿಶ್ಶಬ್ದದೊಳಗಿಂದ ಮೆಲ್ಲಗೆ ಏಳುತ್ತದೆ, ಟೇಪಿನ ಗುಸುಗುಸು ಸದ್ದು ತೆಗೆಯಲು ಹೋದರೆ ಅದನ್ನೂ ನುಂಗಿಬಿಡುತ್ತದೆ. ಕಂಪ್ಯೂಟರಿನ ಪ್ಲೇಯರಿನಲ್ಲಿ ಒಂದರ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವ ಕ್ರಾಸ್‌ಫೇಡ್ ಕೂಡ ಆಫ್ ಇರಲಿ.