ಹೈಸ್ಕೂಲ್ ಕ್ವಿಜ್‌ನಲ್ಲಿ ಪಾಸ್ ಬಿಟ್ಟು ಸುಳಿವಿಗೆ ಬಂದದ್ದು: ನನ್ನ ಅನುಭವ

ಹಾಸನ ಜಿಲ್ಲೆಯ ಮಲೆನಾಡು ಭಾಗದ ಹೈಸ್ಕೂಲುಗಳಿಗೆ ನಾವು ನಡೆಸುವ ರಸಪ್ರಶ್ನೆಯಲ್ಲಿ ಈಗ ಡೈರೆಕ್ಟ್ ಪ್ರಶ್ನೆಯೂ (ಸರದಿಯಂತೆ ಒಂದೇ ತಂಡಕ್ಕೆ ಕೇಳುವುದು) ಇಲ್ಲ, ಪಾಸೂ (ಉತ್ತರ ಬಾರದ ಪ್ರಶ್ನೆ ಪಕ್ಕದ ತಂಡಕ್ಕೆ ಹೋಗುವುದು) ಇಲ್ಲ. ವೇದಿಕೆಯ ಮೇಲೆ ಆರು ತಂಡ, 24 ಪ್ರಶ್ನೆ, ಒಂದೊಂದು ಪ್ರಶ್ನೆಗೂ ನಾಲ್ಕು ಸುಳಿವು. ಪ್ರತಿ ಸುಳಿವನ್ನೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಓದಿ ಮುಗಿಸಿದ ಮೇಲೆ ಹಸಿರು ದೀಪ, ದೀಪ ಬಂದ ಮೇಲೆ ಬಜರ್, ಮೊದಲು ಒತ್ತಿದ ತಂಡಕ್ಕೆ ಉತ್ತರ ಹೇಳುವ ಅವಕಾಶ. ಇದನ್ನು ಮೊದಲು ಪ್ರಸ್ತಾಪಿಸಿದಾಗ "ಒಂದು ಪ್ರಶ್ನೆಗೆ ಎರಡು ನಿಮಿಷ ಹಿಡಿದರೆ ಸಭೆ ಎದ್ದುಹೋಗುತ್ತೆ ಸಾರ್", "ಕನ್ನಡ ಮೀಡಿಯಂ ಮಕ್ಕಳು ಬಜರ್ ಮುಟ್ಟೋದೇ ಇಲ್ಲ" ಅಂದವರೇ ಎಲ್ಲ. ಮೂರು ಫೈನಲ್ ಆಗಿವೆ. ಎರಡನ್ನು ಗೆದ್ದದ್ದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ ತಂಡಗಳು. ಸಭೆಯಿಂದ ಯಾರೂ ಎದ್ದುಹೋಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಪಾಸ್ ಪದ್ಧತಿಯ ದೋಷ ಪ್ರಶ್ನೆಯಲ್ಲಿಲ್ಲ, ಕುರ್ಚಿಯಲ್ಲಿದೆ. ದುರ್ಬಲ ತಂಡದ ಬಲಕ್ಕೆ ಕುಳಿತವರಿಗೆ ಪಾಸ್ ಮೇಲೆ ಪಾಸ್ ಬರುತ್ತದೆ. ಒಂದು ವರ್ಷದ ಅಂಕಪಟ್ಟಿ ತೆಗೆದು ಲೆಕ್ಕ ಹಾಕಿದಾಗ ನಾಲ್ಕನೇ ಮೇಜಿನ 70 ಚಿಲ್ಲರೆ ಅಂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸಿನಿಂದ ಬಂದಿತ್ತು. ಉತ್ತರ ಹೇಳಿದವರ ಪಕ್ಕದ ಮೇಜಿನಿಂದ ಮುಂದಿನ ಪ್ರಶ್ನೆ ಶುರು ಮಾಡುವ ಕ್ರಮವನ್ನೂ ನೋಡಿದೆವು. ಅನ್ಯಾಯ ಕಡಿಮೆಯಾಯಿತು, ಹೋಗಲಿಲ್ಲ. ಅದೂ ಅಲ್ಲದೆ ಒಂದು ತಂಡಕ್ಕೆ ಸುಲಭದ್ದು, ಇನ್ನೊಂದಕ್ಕೆ ಕಷ್ಟದ್ದು ಬಂತು ಎಂಬ ದೂರಿಗೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ.

ಆಮೇಲೆ ಬರೀ ಬಜರ್. ಅಲ್ಲಿ ಭಾಷೆ ಕೈಕೊಟ್ಟಿತು. ಇಂಗ್ಲಿಷ್ ಮೊದಲು ಓದಿದರೆ ಕನ್ನಡ ಓದುವಷ್ಟರಲ್ಲಿ ಆಟ ಮುಗಿದಿರುತ್ತದೆ. ಕನ್ನಡ ಮೊದಲು ಓದಿದರೆ ಅದೇ ದೂರು ತಿರುಗಿ ಬರುತ್ತದೆ. ಒಂದು ಪ್ರಶ್ನೆಗೆ ಕನ್ನಡ ಮೊದಲು, ಮುಂದಿನದಕ್ಕೆ ಇಂಗ್ಲಿಷ್ ಮೊದಲು ಎಂದು ಅದಲುಬದಲು ಮಾಡಿದ್ದೂ ಆಯಿತು. ಸರಿಹೋಗಿದ್ದು ಎರಡೂ ಓದಿ ಮುಗಿಯುವ ತನಕ ಬಜರನ್ನೇ ಕಟ್ಟಿಹಾಕಿದಾಗ. ಕ್ವಿಜ್ ಮಾಸ್ಟರ್ ಕೈಯಲ್ಲಿ ಒಂದು ಸ್ವಿಚ್. ಅವರು ಒತ್ತಿದ ಮೇಲೆ ಹಸಿರು ದೀಪ, ಅಲ್ಲಿಂದ ಎಲ್ಲರಿಗೂ ಒಂದೇ ಸಮಯ. ದೀಪಕ್ಕೆ ಮುಂಚೆಯೇ ಟಪಟಪ ಒತ್ತುತ್ತಿದ್ದರೆ ಆ ಮೇಜಿನ ಬಟನ್ ದೀಪ ಬಂದ ಮೇಲೂ ಅರ್ಧ ಸೆಕೆಂಡ್ ಕೆಲಸ ಮಾಡುವುದಿಲ್ಲ. ಈ ಅರ್ಧ ಸೆಕೆಂಡ್ ಹಾಕದಿದ್ದರೆ ಇಡೀ ಸ್ಪರ್ಧೆ ಬೆರಳಿನ ಓಟವಾಗುತ್ತದೆ.

ಯಂತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದುಡ್ಡು ಪೋಲಾದದ್ದು ಇಲ್ಲೇ. ಮೊದಲು ರೆಡಿಮೇಡ್ ವೈರ್‌ಲೆಸ್ ಸೆಟ್ ತರಿಸಿದ್ದೆವು, ಆರೂವರೆ ಸಾವಿರದ ಹತ್ತಿರ. ಎರಡನೇ ಕಾರ್ಯಕ್ರಮಕ್ಕೇ ಎರಡು ಬಟನ್ ಸುಮ್ಮನಾದವು. ಈಗಿನದು ನಾವೇ ಕಟ್ಟಿದ್ದು: ಒಂದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್), ಆರು ದೊಡ್ಡ ಆರ್ಕೇಡ್ ಬಟನ್, ಮೇಜಿಗೆ 12 ಮೀಟರಿನಂತೆ ಎರಡೆಳೆಯ ಬೆಲ್ ವೈರ್, ಒಂದು ಸ್ಟೀಲ್ ಡಬ್ಬಿ. ಎಲ್ಲ ಸೇರಿ 2,300 ಆಗಿರಬಹುದು, ಅದರಲ್ಲಿ ವೈರಿನದೇ ಸಿಂಹಪಾಲು.

ಕಟ್ಟುವವರು ಒಂದನ್ನು ಗಮನಿಸಿ. ನಮ್ಮ ಮೊದಲ ಪ್ರೋಗ್ರಾಂನಲ್ಲಿ ಬಟನ್‌ಗಳನ್ನು 1ರಿಂದ 6ರ ತನಕ ಒಂದೊಂದಾಗಿ ಪರೀಕ್ಷಿಸಿ, ಕೊನೆಗೆ 50 ಮಿಲಿಸೆಕೆಂಡ್ ಡಿಲೇ, ಅಂದರೆ ಏನನ್ನೂ ನೋಡದೆ ಕಾಯುವ ಬಿಡುವು, ಇಟ್ಟಿದ್ದೆವು. ಪೈಪೋಟಿ ಬಿದ್ದಾಗಲೆಲ್ಲ ಒಂದನೇ ಮೇಜಿನ ದೀಪವೇ ಹತ್ತುತ್ತಿತ್ತು. ಆ ಮಕ್ಕಳು ಚುರುಕು ಅಂದುಕೊಂಡೆವು. ಮಧ್ಯದಲ್ಲಿ 1 ಮತ್ತು 6ರ ಪಿನ್ನುಗಳನ್ನು ಅದಲುಬದಲು ಮಾಡಿ ನೋಡಿದರೆ ಅದೃಷ್ಟವೂ ಆರನೇ ಮೇಜಿಗೆ ಹೋಯಿತು! ಕಾರಣ ಇಷ್ಟೆ: ಡಿಲೇ ನಡೆಯುವ ಆ 50 ಮಿಲಿಸೆಕೆಂಡಿನಲ್ಲಿ ನಾಲ್ಕನೇ ಮೇಜು ಮೊದಲು, ಒಂದನೇ ಮೇಜು ಆಮೇಲೆ ಒತ್ತಿದರೂ, ಮುಂದಿನ ಸುತ್ತಿನಲ್ಲಿ ಎರಡೂ ಒತ್ತಿದಂತೆಯೇ ಕಾಣುತ್ತವೆ, ಮೊದಲು ನೋಡುವುದು ಒಂದನ್ನು, ಗೆಲ್ಲುವುದೂ ಅದೇ. ಡಿಲೇ ತೆಗೆದುಹಾಕಿ. ಆರು ಬಟನ್‌ಗಳನ್ನು ಡಿ2ರಿಂದ ಡಿ7ರ ತನಕದ ಪಿನ್ನುಗಳಿಗೆ ಕೊಟ್ಟರೆ ಆರೂ ಒಂದೇ ಪೋರ್ಟಿನಲ್ಲಿ (ಒಟ್ಟಿಗೆ ಓದಬಹುದಾದ ಪಿನ್ನುಗಳ ಗುಂಪು) ಬರುತ್ತವೆ, ಒಂದೇ ಏಟಿಗೆ ಓದಬಹುದು. ಆಗಲೂ ಎರಡು ಒಟ್ಟಿಗೆ ಸಿಕ್ಕರೆ ಎರಡೂ ದೀಪ ಹತ್ತಲಿ, ಇಬ್ಬರೂ ಚೀಟಿಯಲ್ಲಿ ಬರೆದುಕೊಡಲಿ.

ಎರಡನೇ ಕಾಟ, ಯಾರೂ ಮುಟ್ಟದೆ ದೀಪ ಹತ್ತುವುದು. ಹಳೆಯ ಚೋಕಿನ ಟ್ಯೂಬ್‌ಲೈಟ್ ಹಾಕಿದಾಗ, ಫ್ಯಾನ್ ಸ್ವಿಚ್ ಒತ್ತಿದಾಗ 12 ಮೀಟರ್ ವೈರ್ ಆಂಟೆನಾ ಆಗಿಬಿಡುತ್ತದೆ. ಚಿಪ್ಪಿನ ಒಳಗಿನ ಪುಲ್‌ಅಪ್ (ಬಟನ್ ಒತ್ತದಿದ್ದಾಗ ಲೈನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಇಷ್ಟುದ್ದದ ವೈರಿಗೆ ಸಾಲದು. ಪ್ರತಿ ಲೈನಿಗೂ 5 ವೋಲ್ಟಿಗೆ 1 ಕಿಲೋ ಓಮ್ ರೆಸಿಸ್ಟರ್, ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಕಾಟ ನಿಂತಿತು. ಮೂರನೆಯದು ಕರೆಂಟು. ಮಳೆಗಾಲ ಮುಗಿದರೂ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟನ್ನು ನಂಬಿ ಕೂರುವಂತಿಲ್ಲ. ಪವರ್ ಬ್ಯಾಂಕಿಗೆ ಹಾಕಿದರೆ ಅರ್ಧ ನಿಮಿಷಕ್ಕೆ ಆರಿಹೋಗುತ್ತಿತ್ತು. ನ್ಯಾನೋ ಎಳೆಯುವ ಕರೆಂಟು ತೀರಾ ಕಡಿಮೆ, ಫೋನ್ ಚಾರ್ಜ್ ಮುಗಿಯಿತೆಂದು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. 5 ವೋಲ್ಟಿಗೆ ಅಡ್ಡಲಾಗಿ 47 ಓಮ್, 1 ವ್ಯಾಟಿನ ಒಂದು ರೆಸಿಸ್ಟರ್ ಕೂರಿಸಿದರೆ 100 ಮಿಲಿಆಂಪಿಯರ್ ಚಿಲ್ಲರೆ ಎಳೆದು ಅದನ್ನು ಎಚ್ಚರವಾಗಿಡುತ್ತದೆ. ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ಗೆ ತಾಗಿಸಬೇಡಿ.

ಅಂಕಗಳನ್ನು ಕೂರಿಸಲು ಎರಡು ವರ್ಷ ಹಿಡಿಯಿತು. ಮೊದಲ ಸುಳಿವಿಗೆ ಸರಿಯುತ್ತರ 20, ಆಮೇಲೆ 15, 10, 5. ತಪ್ಪಿಗೆ 10 ಕಳೆದಾಗ ನಾಲ್ಕನೇ ಸುಳಿವಿನ ತನಕ ಯಾರೂ ಕೈ ಹಾಕಲಿಲ್ಲ. ಗೆದ್ದ ತಂಡದ ಒಟ್ಟು ಮೊತ್ತ 60ರ ಆಸುಪಾಸು. ಏನೂ ಕಳೆಯದಿದ್ದಾಗ ಮೊದಲ ಸುಳಿವಿಗೇ ಊಹೆ ಎಸೆದರು. ಈಗ ಮೊದಲ ಎರಡು ಸುಳಿವಿನಲ್ಲಿ ತಪ್ಪಿದರೆ ಮಾತ್ರ 5 ಕಳೆಯುತ್ತೇವೆ, ಕೊನೆಯ ಎರಡರಲ್ಲಿ ಕಳೆಯುವುದಿಲ್ಲ. ತಪ್ಪಿದ ತಂಡ ಆ ಪ್ರಶ್ನೆ ಮುಗಿಯುವ ತನಕ ಹೊರಗೆ. ಅಳುಕುವ ಮಕ್ಕಳು ಮೂರನೇ ಸುಳಿವಿಗೆ ಒತ್ತುತ್ತಾರೆ, ಎರಡು ಸಲ ಸರಿಯಾದರೆ ಆಮೇಲೆ ಎರಡನೇ ಸುಳಿವಿಗೇ ಬರುತ್ತಾರೆ. ಕನ್ನಡ ಮಾಧ್ಯಮದ ತಂಡಗಳು ಬಜರ್ ಮುಟ್ಟಲು ಶುರು ಮಾಡಿದ್ದು ಈ ಬದಲಾವಣೆಯಿಂದ. ಒತ್ತಿದ ಮೇಲೆ ಉತ್ತರಕ್ಕೆ 5 ಸೆಕೆಂಡ್. 10 ಕೊಟ್ಟರೆ ಒತ್ತಿದ ಮೇಲೆ ಯೋಚಿಸುತ್ತಾರೆ.

ಪ್ರಶ್ನೆ ಬರೆಯುವುದು ಹೇಗೆ ಎಂಬುದಕ್ಕೆ ಒಂದನ್ನು ಪೂರ್ತಿ ಕೊಡುತ್ತೇನೆ, ಇದು ಬಳಸಿ ಮುಗಿದದ್ದು. ಉತ್ತರ: ಹೇಮಾವತಿ. ಒಂದು, ಬಲ್ಲಾಳರಾಯನದುರ್ಗದ ಕಡೆ ಹುಟ್ಟುವ ನಾನು ಕೊನೆಗೆ ಕಾವೇರಿಯನ್ನು ಸೇರುತ್ತೇನೆ. ಎರಡು, ಬೇಲೂರಿನ ಬಳಿ ಹರಿದು ಬರುವ ಯಗಚಿ ನನ್ನನ್ನು ಕೂಡಿಕೊಳ್ಳುತ್ತದೆ. ಮೂರು, ಸಕಲೇಶಪುರ ಪಟ್ಟಣ ನನ್ನ ದಂಡೆಯಲ್ಲಿದೆ. ನಾಲ್ಕು, ಗೊರೂರಿನಲ್ಲಿ ನನಗೆ ಅಣೆಕಟ್ಟು ಕಟ್ಟಿದ್ದಾರೆ. ಮೊದಲ ಕರಡಿನಲ್ಲಿ "ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟುತ್ತೇನೆ" ಎಂದಷ್ಟೇ ಇತ್ತು. ಅದಕ್ಕೆ ತುಂಗಾ, ಭದ್ರಾ, ನೇತ್ರಾವತಿ ಮೂರೂ ಸರಿಯಾಗುತ್ತವೆ. ಒಂದೊಂದು ಸುಳಿವೂ ತಾನೊಂದೇ ನಿಂತರೂ ಒಂದೇ ಉತ್ತರವನ್ನು ತೋರಿಸಬೇಕು. ಕಷ್ಟ ಇಳಿಯುತ್ತಾ ಬರಬೇಕೇ ಹೊರತು ಅನುಮಾನ ಇಳಿಯುತ್ತಾ ಬರುವುದಲ್ಲ. ಸುಳಿವು ಕನ್ನಡದಲ್ಲಿ 12 ಪದ ಮೀರಬಾರದು. ಎರಡು ಭಾಷೆಗೂ ಸೇರಿ 15 ಸೆಕೆಂಡ್ ಹಿಡಿಯುತ್ತದೆ, ಹೆಚ್ಚಿನ ಪ್ರಶ್ನೆಗಳು ಮೂರನೇ ಸುಳಿವಿಗೆ ಮುಗಿಯುತ್ತವೆ, 24 ಪ್ರಶ್ನೆ 50 ನಿಮಿಷದೊಳಗೆ ಆಗುತ್ತದೆ.

ಎರಡನೇ ಸುಳಿವನ್ನು ಯಾವ ಅಳತೆಯಲ್ಲಿ ಇಡುತ್ತೇವೆ, 24 ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇವೆ ಎಂಬುದನ್ನು ಇಲ್ಲಿ ಬಿಡಿಸುವುದಿಲ್ಲ. ಫೈನಲ್ ಕೊನೆಯ ಮೂರು ಪ್ರಶ್ನೆಗಳ ತನಕ ಬಿಗಿಯಾಗಿರುವುದು ಅದರಿಂದಲೇ. ಕಳೆದ ಸಲ ಮೊದಲ ಮತ್ತು ಎರಡನೇ ತಂಡದ ಅಂತರ 10 ಅಂಕ ಅಷ್ಟೆ.

ಎರಡು ಭಾಷೆಯಲ್ಲಿ ಬರೆಯುವವರು ಎಡವುವ ಜಾಗ ಒಂದಿದೆ. ನಮ್ಮ ಪಠ್ಯಪುಸ್ತಕದ ಪಾರಿಭಾಷಿಕ ಪದಗಳು ಅರ್ಥವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತವೆ. ಬ್ಯಾರೋಮೀಟರ್ ಏನನ್ನು ಅಳೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಅದು ಪ್ರಶ್ನೆ. ವಾಯುಭಾರಮಾಪಕ ಏನನ್ನು ಅಳೆಯುತ್ತದೆ ಎಂದರೆ ಉತ್ತರವನ್ನೇ ಓದಿ ಹೇಳಿದಂತೆ. ದ್ಯುತಿಸಂಶ್ಲೇಷಣೆ, ಪತ್ರಹರಿತ್ತು ಎಲ್ಲ ಹಾಗೆಯೇ. ಇಂಥ ಕಡೆ ಉಪಕರಣವನ್ನು ಉತ್ತರ ಮಾಡಿ: ಪಾದರಸ ತುಂಬಿದ ಗಾಜಿನ ಕೊಳವೆಯಿಂದ, ಟೊರಿಸೆಲ್ಲಿಯಿಂದ ಶುರು ಮಾಡಿ ಉಪಕರಣದ ಹೆಸರಿಗೆ ಬನ್ನಿ. ಉತ್ತರ ಯಾವ ಭಾಷೆಯಲ್ಲಿ ಹೇಳಿದರೂ ಒಪ್ಪಬೇಕು, ಆಮ್ಲಜನಕವೂ ಸರಿ, ಆಕ್ಸಿಜನ್ನೂ ಸರಿ.

ತಕರಾರಿಗೆ ಮದ್ದು ಕಾರ್ಡಿನ ಹಿಂದೆ ಇರಬೇಕು. ಯಾವ ಪುಸ್ತಕ, ಯಾವ ಪುಟ ಎಂದು ಬರೆಯದ ಪ್ರಶ್ನೆ ವೇದಿಕೆಗೆ ಹೋಗುವುದಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದಿರುವುದೇ ಕ್ಷೇಮ. ಮುಳ್ಳಯ್ಯನಗಿರಿಯ ಎತ್ತರ ಒಂದು ಪುಸ್ತಕದಲ್ಲಿ 1925 ಮೀಟರ್, ಇನ್ನೊಂದರಲ್ಲಿ 1930. ಗೊಮ್ಮಟ 57 ಅಡಿ ಎನ್ನುವುದಕ್ಕೂ ಪುಸ್ತಕ ಸಿಗುತ್ತದೆ, 58 ಎನ್ನುವುದಕ್ಕೂ ಸಿಗುತ್ತದೆ. ಮೊದಲ ಕನ್ನಡ ಶಾಸನ ಯಾವುದು ಎಂದರೆ ಹಲ್ಮಿಡಿ ಎನ್ನುವವರ ಎದುರಿಗೆ ತಾಳಗುಂದದ ಶಾಸನ ಹಿಡಿದು ನಿಲ್ಲುವ ಮೇಷ್ಟ್ರು ಈಗ ಎಲ್ಲ ಕಡೆ ಇದ್ದಾರೆ. ಹಲ್ಮಿಡಿ ಯಾವ ತಾಲ್ಲೂಕಿನಲ್ಲಿದೆ ಎಂದು ಕೇಳಿ, ಬೇಲೂರು ಎಂಬುದರಲ್ಲಿ ಜಗಳವಿಲ್ಲ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ; ಇದನ್ನು ಕೇಳಿದರೆ ಪುಸ್ತಕ ಮೇಜಿನ ಮೇಲಿರಲಿ. ಎಷ್ಟು ಎಂಬ ಪ್ರಶ್ನೆಗಳು ಬೇಗ ಹಳಸುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಭಾರತದ ಲೆಕ್ಕ 42. 2024ರಲ್ಲಿ 43, 2025ರಲ್ಲಿ 44. ಚಿಕ್ಕಮಗಳೂರಿಗೆ ಏಳು ತಾಲ್ಲೂಕು ಎನ್ನುವ ಗೈಡುಗಳು ಇನ್ನೂ ಮಾರಾಟಕ್ಕಿವೆ, ಅಜ್ಜಂಪುರವೂ ಕಳಸವೂ ಅದರಲ್ಲಿಲ್ಲ. ಈ ಜರಡಿ ಹಿಡಿದ ಮೇಲೆ ಮೂರು ಫೈನಲ್‌ನಲ್ಲಿ ಒಂದೇ ಒಂದು ತಕರಾರು ಬಂತು, ಅದೂ ಪುಟ ತೋರಿಸಿದ ಕೂಡಲೇ ಮುಗಿಯಿತು.

ಫೈನಲ್‌ಗೆ ಆರು ತಂಡಗಳನ್ನು ಆರಿಸುವ ಲಿಖಿತ ಸುತ್ತಿನ ಕ್ರಮ ಎಲ್ಲರಿಗೂ ಗೊತ್ತು: 30 ಪ್ರಶ್ನೆ, 30 ನಿಮಿಷ, ಅಂಕ ಸಮ ಬಂದರೆ ನಕ್ಷತ್ರ ಹಾಕಿದ ಐದು ಪ್ರಶ್ನೆಗಳಿಂದ ತೀರ್ಮಾನ. ಮೊದಲು 60 ಚಿಲ್ಲರೆ ತಂಡಗಳನ್ನೂ ಹಾಸನಕ್ಕೇ ಕರೆಸುತ್ತಿದ್ದೆವು. ಊಟಕ್ಕೆ ಏಳು ಸಾವಿರ, ಶೀಲ್ಡುಗಳಿಗೆ ಐದು, ಶಾಮಿಯಾನ ಮೈಕಿಗೆ ನಾಲ್ಕೂವರೆ, ಜೆರಾಕ್ಸ್ ಮತ್ತಿತರ ಸೇರಿ 18 ಸಾವಿರ ದಾಟುತ್ತಿತ್ತು. ಅಷ್ಟಾದರೂ ಬಸ್ ಚಾರ್ಜಿಗೆ ಹೆದರಿ ದೂರದ ಶಾಲೆಗಳು ಬರುತ್ತಿರಲಿಲ್ಲ. ಈಗ ಲಿಖಿತ ಸುತ್ತು ಹೋಬಳಿ ಮಟ್ಟದಲ್ಲಿ, ಫೈನಲ್‌ಗೆ ಬರುವ ಆರು ತಂಡಕ್ಕೆ ಬಸ್ ಚಾರ್ಜ್ ನಮ್ಮದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳದ್ದು ಆ ಖರ್ಚೂ ಇಲ್ಲ. ಶೀಲ್ಡ್ ಬದಲು ಪುಸ್ತಕ. ಒಟ್ಟು 11 ಸಾವಿರದಲ್ಲಿ ಮುಗಿಯುತ್ತದೆ. ಒಂದು ವರ್ಷ ಒಂದು ಕೇಂದ್ರದಲ್ಲಿ ಅರ್ಧ ಗಂಟೆ ಮೊದಲೇ ಲಕೋಟೆ ಒಡೆದು ಪ್ರಶ್ನೆಗಳು ಫೋನಿನಲ್ಲಿ ಓಡಾಡಿದವು, ಇಡೀ ಸುತ್ತು ಮತ್ತೆ ನಡೆಸಬೇಕಾಯಿತು. ಈಗ ಹೋಬಳಿಗೊಂದು ಬೇರೆ ಪತ್ರಿಕೆ ಇಲ್ಲ, ಒಂದೇ ಪತ್ರಿಕೆ, ಆದರೆ 11 ಗಂಟೆಗೆ ಗ್ರೂಪಿನಲ್ಲಿ ಮೆಸೇಜ್ ಬಂದ ಮೇಲೆಯೇ ಲಕೋಟೆ ಒಡೆಯಬೇಕು, ಒಡೆಯುವ ಮೊದಲು ಮೇಷ್ಟ್ರ ಫೋನೂ ಸೇರಿ ಎಲ್ಲ ಫೋನ್ ಒಂದು ಬುಟ್ಟಿಗೆ.

ನಡುವೆ ಒಂದು ಬೇರೆ ಪ್ರಯೋಗ ಮಾಡಿದೆವು, ಇದು ನನಗೆ ಬಹಳ ಇಷ್ಟ. ಆರು ತಟ್ಟೆಗಳಲ್ಲಿ ಕಾಫಿ ಬೀಜ, ಏಲಕ್ಕಿ, ಮೆಣಸಿನ ಎಲೆ, ಹೊಂಗೆ ಬೀಜ ಹೀಗೆ ಇಟ್ಟು, ಮುಟ್ಟಿ ಮೂಸಿ ಸ್ಲೇಟಿನಲ್ಲಿ ಬರೆಯುವ ಸುತ್ತು. ಎರಡು ಬಗೆಯ ಕಾಫಿ ಬೀಜ ಇಟ್ಟಾಗ ಪಟ್ಟಣದ ಮಕ್ಕಳು ಎರಡಕ್ಕೂ ಕಾಫಿ ಎಂದು ಬರೆದು ಬಿಟ್ಟರು. ಆಲೂರು ಕಡೆಯ ಒಬ್ಬ ಹುಡುಗಿ ಬೀಜವನ್ನು ಮಗುಚಿ ನಡುವಿನ ಗೆರೆ ನೋಡಿದಳು: ಉದ್ದನೆಯ ಬೀಜ, ಗೆರೆ ಡೊಂಕು, ಅರೇಬಿಕಾ, ಗುಂಡನೆಯದು, ಗೆರೆ ನೇರ, ರೋಬಸ್ಟಾ. ಬರೆಯಲು ಹತ್ತು ಸೆಕೆಂಡೂ ಬೇಕಾಗಲಿಲ್ಲ. ಈ ಸುತ್ತಿಗೆ 30 ಅಂಕ ಮೀರಿ ಇಡಬೇಡಿ, ತೋಟದ ಕಡೆಯವರಿಗೆ ಪಕ್ಷಪಾತವಾಗುತ್ತದೆ. ಬಯಲುಸೀಮೆಯವರಿಗಾಗಿ ರಾಗಿ, ಹುರುಳಿ, ಹುಚ್ಚೆಳ್ಳನ್ನೂ ಸೇರಿಸಿ ಸರಿದೂಗಿಸಿ. ಆ ಸ್ಲೇಟುಗಳು ಬಜರ್ ಕೆಟ್ಟ ದಿನಕ್ಕೂ ಆಗುತ್ತವೆ: ಪ್ರತಿ ಸುಳಿವಿನ ಮೇಲೆ ಬರೆದು ಬೋರಲು ಹಾಕುವುದು, ಅಂಕ ಅದೇ.

ದಿನಾಂಕ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ ಇಡಿ. ಜುಲೈ, ಆಗಸ್ಟ್‌ನಲ್ಲಿ ಇಟ್ಟರೆ ಮಳೆ ರಜೆ ಬೀಳುತ್ತದೆ, ಜನವರಿಯಾದರೆ ಹತ್ತನೇ ತರಗತಿಯನ್ನು ಯಾವ ಹೆಡ್‌ಮಾಸ್ಟರೂ ಕಳಿಸುವುದಿಲ್ಲ. ಈ ಸಲ ಸುಳಿವನ್ನು ಐದಕ್ಕೆ ಏರಿಸಿ ನೋಡಿದೆವು, 24 ಪ್ರಶ್ನೆಗೆ 70 ನಿಮಿಷ ಹಿಡಿಯಿತು, ಹೆತ್ತೂರು ಕಡೆಯ ಮಕ್ಕಳು ಬಹುಮಾನ ತೆಗೆದುಕೊಳ್ಳದೆ ಬಸ್ಸಿಗೆ ಓಡಬೇಕಾಯಿತು. ಮುಂದಿನ ವರ್ಷ ಮತ್ತೆ ನಾಲ್ಕೇ, ಮೂರೂಕಾಲು ಗಂಟೆಗೆ ಮುಗಿಸುವುದು.