ನಾಯಿ ಜೊತೆ ಮಧ್ಯಾಹ್ನ ಕಾಡಂಚಿಗೆ ಹೊರಟಿದ್ದೀರಾ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಚಿತ್ರದುರ್ಗದ ಜೋಗಿಮಟ್ಟಿಗೆ ನಾಯಿ ಕರೆದುಕೊಂಡು ಹೋಗಬೇಡಿ. ಅದು ವನ್ಯಜೀವಿ ಧಾಮ. ನಾನು ನಮ್ಮ ಕಾಳನನ್ನು ಕರೆದೊಯ್ಯುವುದು ಅದಕ್ಕೂ ಈಚೆ, ತಿಮ್ಮಣ್ಣನಾಯಕನ ಕೆರೆ ಕಡೆಯ ದಾರಿಗೆ ಮಾತ್ರ.

ದುರ್ಗದಲ್ಲಿ ನಾಯಿಯ ಮಟ್ಟಿಗೆ ಮಧ್ಯಾಹ್ನ ಅಂದರೆ ನಾಲ್ಕರ ಮೇಲೆ. ಬೇಸಿಗೆಯಲ್ಲಿ ಅದೂ ಬೇಡ, ಬೆಳಿಗ್ಗೆಯೇ ಹೋಗಿಬನ್ನಿ. ನಮ್ಮೂರ ಬಂಡೆಗಳು ಬಿಸಿಲು ಇಳಿದ ಮೇಲೂ ಕಾವು ಬಿಡುವುದಿಲ್ಲ, ಗೊತ್ತಲ್ವಾ? ಕೈಯ ಹಿಂಭಾಗ ಬಂಡೆಗಿಟ್ಟು ಏಳರವರೆಗೆ ಎಣಿಸಿ. ಅಷ್ಟರಲ್ಲಿ ಕೈ ತೆಗೆಯುವಂತಾದರೆ ನಾಯಿಯ ಪಾದವೂ ಸುಡುತ್ತದೆ. ಮಣ್ಣಿನ ದಾರಿ ಹಿಡಿಯಿರಿ. ನಮ್ಮ ಹಾಗೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಪಗ್ ತರಹದ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ. ಬಾಟಲಿ ನೀರು, ಒಂದು ಬಟ್ಟಲು ಇರಲಿ; ಆಗಾಗ ಸ್ವಲ್ಪ ಸ್ವಲ್ಪ ಕುಡಿಸಿ. ಜೊಲ್ಲು ಗಟ್ಟಿಯಾಗಿ, ವಸಡು ಕೆಂಪೇರಿ, ತೂರಾಡತೊಡಗಿದರೆ ಕಾಯಬೇಡಿ. ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು, ಗಾಳಿ ಬೀಸಿ, ಹಾಗೇ ಡಾಕ್ಟರ ಹತ್ತಿರ ಹೊರಡಿ.

ಬೆಲ್ಟ್ ಬಿಚ್ಚಲೇಬೇಡಿ. ಕುರಿ ಮಂದೆ ಎದುರಾದರೆ ಕಾಳ ತಾನೇ ಕಾವಲುಗಾರ ಅಂದುಕೊಳ್ಳುತ್ತಾನೆ. ಕುರಿಗಳಿಗೆ ಹಾಗನಿಸುವುದಿಲ್ಲ, ಮಂದೆಯ ನಾಯಿಗಳಿಗಂತೂ ಮೊದಲೇ ಇಲ್ಲ. ದೂರದಿಂದಲೇ "ಅಣ್ಣಾ, ನಾಯಿ ಐತೆ, ನಿಮ್ಮವನ್ನ ಸ್ವಲ್ಪ ಹಿಡ್ಕಳಿ" ಅಂತ ಕೂಗಿ, ಪಕ್ಕಕ್ಕೆ ಸರಿದು ನಿಲ್ಲಿ. ಕೂಗದೆ ಸುಮ್ನೆ ನುಗ್ಗಿದರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೇ.

ಹೊತ್ತು ಮುಳುಗುವ ಮುಂಚೆ ಊರ ಕಡೆ ತಿರುಗಿ. ಈ ಗುಡ್ಡಗಳಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಚಿರತೆಗೆ ನಾಯಿ ಅಂದರೆ ಸುಲಭದ ಊಟ.

ಮನೆಗೆ ಬಂದ ಕೂಡಲೇ ಬೆರಳ ಸಂದಿ, ಕಿವಿ, ಕಂಕುಳು ನೋಡಿ. ಮಳೆಗಾಲ ಮುಗಿದು ಹುಲ್ಲು ಒಣಗಿದಾಗ ಅದರ ಚೂಪು ಬೀಜ ಚರ್ಮಕ್ಕೆ ಚುಚ್ಚಿಕೊಂಡರೆ ಒಳಗೊಳಗೇ ಸಾಗುತ್ತದೆ, ತಾನಾಗಿ ಹೊರಬರುವುದಿಲ್ಲ. ಉಣ್ಣಿ ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು, ತಿರುಚದೆ ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚುವವರನ್ನು ಕಂಡಿದ್ದೇನೆ. ಚರ್ಮ ಸುಟ್ಟೀತು, ಬೇಡ. ಉಣ್ಣಿ ಕಚ್ಚಿದ ಕೆಲವು ವಾರಗಳಲ್ಲಿ ನಾಯಿ ಊಟ ಬಿಟ್ಟು ಮಂಕಾದರೆ ರಕ್ತ ಪರೀಕ್ಷೆ ಮಾಡಿಸಿ, ಉಣ್ಣಿ ಜ್ವರ ಇರಬಹುದು.