ಕೌದಿಯ ಉಬ್ಬು ಇಳಿದ ಬಗೆ

ಹಳೆಯ ಹತ್ತಿ ಸೀರೆಗಳ ಕೌದಿ ಅರ್ಧಕ್ಕೆ ಬಂದಾಗ ನಡುವೆ ಬಟ್ಟೆ ಉಬ್ಬಿ ನಿಂತಿತು. ದಾರ ಬಿಗಿಯಾಯಿತು ಎಂದು ತುಮಕೂರಿನ ನಮ್ಮ ಬೀದಿಯವರೆಲ್ಲ ತೀರ್ಪು ಕೊಟ್ಟರು. ದಾರ ಸಡಿಲಿಸಿದರೂ ಉಬ್ಬು ಜಗ್ಗಲಿಲ್ಲ.

ಶಿರಾದಿಂದ ಬಂದ ದೊಡ್ಡಮ್ಮ ಕೌದಿಯನ್ನು ಮಗುಚಿ ನೋಡಿ, "ಅಂಚಿನಿಂದ ಸುತ್ತಲೂ ಹೊಲಿದುಕೊಂಡು ಒಳಗೆ ಬಂದರೆ ಸಡಿಲ ಬಟ್ಟೆ ಎಲ್ಲಿಗೆ ಹೋಗಬೇಕಮ್ಮ? ನಡುವಿಗೇ ತಾನೇ!" ಎಂದರು.

ಉಬ್ಬಿದ ಭಾಗದ ಹೊಲಿಗೆ ಬಿಚ್ಚಿದೆ. ನೆಲದ ಮೇಲೆ ಹಾಸಿ, ಮೂಲೆಗಳಿಗೆ ಅಕ್ಕಿ ಡಬ್ಬಿಗಳನ್ನಿಟ್ಟು, ಅಂಗೈಯಿಂದ ಪದರಗಳನ್ನು ನಡುವಿನಿಂದ ಹೊರಕ್ಕೆ ಸವರಿದೆ. ಆಮೇಲೆ ಬೇರೆ ಬಣ್ಣದ ದಾರದಲ್ಲಿ ಗೇಣುದ್ದಕ್ಕೊಂದರಂತೆ ಕಚ್ಚಾ ಹೊಲಿಗೆ, ಅದೂ ನಡುವಿನಿಂದಲೇ. ಬೇಸರದ ಕೆಲಸ, ಆದರೆ ಪದರ ಜಾರುವುದು ನಿಂತಿತು. ಈಗ ಸಣ್ಣ ಹೊಲಿಗೆ ಮುಕ್ಕಾಲು ಭಾಗ ಮುಗಿದಿದೆ; ಕಚ್ಚಾ ದಾರವನ್ನು ಕೊನೆಯಲ್ಲಿ ಎಳೆದು ತೆಗೆದರಾಯಿತು.